ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಪೌಷ್ಟಿಕ ಆಹಾರ ವಿಜ್ಞಾನ ಓದುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಕೆಲವು ವರ್ಷಗಳ ಬಿಡುವಿನ ನಂತರ ಮತ್ತೆ ಓದಲು ಬಯಸುವ ಕನ್ನಡಿಗರಿಗೆ ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷಗಳ ಸರ್ಕಾರಿ ಕಾಲೇಜುಗಳಲ್ಲಿ) ಪೌಷ್ಟಿಕ ಆಹಾರ ವಿಜ್ಞಾನವು ಕಡಿಮೆ ವೆಚ್ಚದಲ್ಲಿ ದೊರೆಯುವ ಉತ್ತಮ ವಿಷಯ. ಆದರೆ ಅರ್ಜಿ ತುಂಬುವ ಮೊದಲೇ, ಓದು ಮುಗಿದ ಮೇಲೆ ಯಾವ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಶಾಲೆ ಅಥವಾ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಣೆಗೆ ಚಿಕ್ಕ ಕೋರ್ಸೇ ಸಾಕಾಗಬಹುದು. ನೋಂದಾಯಿತ ಡಯೆಟಿಷಿಯನ್ (ಪರೀಕ್ಷೆ ಪಾಸಾಗಿ ಮಾನ್ಯತೆ ಪಡೆದ ಆಹಾರತಜ್ಞ) ಆಗಲು ಬಯಸುವವರು ಮಾತ್ರ, 2024ರ ಜನವರಿ 1ರಿಂದ ಆ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿ ಕಡ್ಡಾಯವಾಗಿದೆ ಎಂಬುದನ್ನು ತಿಳಿದೇ ಹೊರಡಬೇಕು. ಅವರ ಪಾಲಿಗೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷ ಆರಂಭ ಮಾತ್ರ.

ಭಾರತದಲ್ಲಿ ಗೃಹವಿಜ್ಞಾನ ಅಥವಾ ಜೀವವಿಜ್ಞಾನದಲ್ಲಿ ಪದವಿ ಪಡೆದವರು ಅಂಕಪಟ್ಟಿಗಳ ಮೌಲ್ಯಮಾಪನವನ್ನು ಮೊದಲೇ ಮಾಡಿಸಿಕೊಂಡರೆ, ಓದಿದ ವಿಷಯವನ್ನೇ ಮತ್ತೆ ಓದುವುದು ತಪ್ಪಬಹುದು. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬೇಕು. ರಾಜ್ಯದ ನಿವಾಸಿಗಳೆಂದು ಪರಿಗಣಿತರಾದವರಿಗೆ ಸೆಮಿಸ್ಟರ್ ಪದ್ಧತಿಯ ಕಾಲೇಜಿನಲ್ಲಿ ಯೂನಿಟ್ (ಕೋರ್ಸಿನ ಪ್ರಮಾಣವನ್ನು ಅಳೆಯುವ ಅಂಕ) ಒಂದಕ್ಕೆ 46 ಡಾಲರ್ ಶುಲ್ಕವಿದ್ದು, ಉಳಿದವರು ಅದರ ಹಲವು ಪಟ್ಟು ತೆರಬೇಕಾಗುತ್ತದೆ. ಎಚ್-4 ವೀಸಾದಲ್ಲಿರುವವರು (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಪತಿ, ಪತ್ನಿ ಅಥವಾ ಮಕ್ಕಳು) ವಿದ್ಯಾರ್ಥಿ ವೀಸಾಕ್ಕೆ ಬದಲಾಗದೆಯೇ ಓದಬಹುದಾದರೂ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಅವರಿಗೆ ಸಿಗುವುದಿಲ್ಲ.

ಬಳಿಕ ಕಾಲೇಜಿನ ಕೌನ್ಸೆಲರ್ ಅವರನ್ನು ಕಂಡು, ಅಸೋಸಿಯೇಟ್ ಪದವಿಗೆ (ಕಮ್ಯುನಿಟಿ ಕಾಲೇಜು ನೀಡುವ ಎರಡು ವರ್ಷದ ಪದವಿಗೆ) ಬೇಕಾದ 60 ಯೂನಿಟ್‌ಗಳ ಯೋಜನೆಯನ್ನು ಬರೆಸಿಕೊಳ್ಳಬೇಕು. ಪೌಷ್ಟಿಕತೆಯ ಪರಿಚಯ ಕೋರ್ಸ್ ಸುಲಭವೆಂದು ಅದರಿಂದಲೇ ಆರಂಭಿಸಿ ರಸಾಯನಶಾಸ್ತ್ರವನ್ನು ಮುಂದೂಡುವುದು ಸರಿಯಲ್ಲ. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವ ರಸಾಯನಶಾಸ್ತ್ರಕ್ಕೆ ಪ್ರವೇಶವಿಲ್ಲ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಿಗೂ ಪ್ರಯೋಗಾಲಯದ ತರಗತಿಗಳಿರುವುದರಿಂದ ಒಂದು ಸೆಮಿಸ್ಟರ್ ತಡವಾದರೆ ಇಡೀ ಸರಣಿಯೇ ಹಿಂದೆ ಬೀಳುತ್ತದೆ.

ಪರಿಚಯ ಕೋರ್ಸಿನಲ್ಲಿ ಸಾಮಾನ್ಯವಾಗಿ ಕೆಲವು ದಿನಗಳ ಊಟದ ದಿನಚರಿಯನ್ನು ಬರೆದು, ತಂತ್ರಾಂಶದ ಮೂಲಕ ಪೋಷಕಾಂಶಗಳನ್ನು ಲೆಕ್ಕ ಹಾಕಲು ಹೇಳುತ್ತಾರೆ. ನಮ್ಮವರು ಹೆಚ್ಚು ಶ್ರದ್ಧೆ ವಹಿಸಬೇಕಾದುದು ಇಲ್ಲಿಯೇ. ಮುದ್ದೆ, ಬಸ್ಸಾರು, ಅಕ್ಕಿರೊಟ್ಟಿಗಳು ಅಮೆರಿಕದ ತಂತ್ರಾಂಶದಲ್ಲಿ ಸಿಗದಿದ್ದರೆ ಹತ್ತಿರದ ಹೆಸರಿನ ಬೇರೊಂದು ತಿನಿಸನ್ನು ನಮೂದಿಸಿಬಿಡಬಾರದು. ಹಸಿ ಪದಾರ್ಥಗಳನ್ನು ತೂಗಿ, ಬಡಿಸಿದ ಪ್ರಮಾಣಕ್ಕೆ ಭಾಗಿಸಿ ಪಾಕವಿಧಾನವಾಗಿ ಸೇರಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜಾಗದಲ್ಲಿ ಗೋಧಿಯ ತಿನಿಸನ್ನು ತೋರಿಸಿದರೆ ಕ್ಯಾಲ್ಸಿಯಂ ಲೆಕ್ಕವೆಲ್ಲ ತಪ್ಪುತ್ತದೆ. ಜೊತೆಗೆ ರಾಗಿಯಲ್ಲಿರುವ ಫೈಟೇಟ್ ಎಂಬ ಸಂಯುಕ್ತವು ಖನಿಜಗಳ ಹೀರಿಕೆಯನ್ನು ತಗ್ಗಿಸುತ್ತದೆ, ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ ಎಂಬುದನ್ನೂ ವರದಿಯಲ್ಲಿ ಸೇರಿಸಬಹುದು. ನಾಳೆ ಮಧುಮೇಹವಿರುವ ಭಾರತೀಯ ಕುಟುಂಬಕ್ಕೆ ಸಲಹೆ ಹೇಳುವಾಗ ಈ ತಿಳಿವಳಿಕೆಗೆ ನಿಜವಾದ ಬೆಲೆ ಬರುತ್ತದೆ.

ಕೊನೆಯ ಹಂತ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ. ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ ಪಡೆದ ಅರ್ಹರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಪ್ರವೇಶದ ಖಾತರಿ ಇದೆಯಾದರೂ ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತರಿಯಿಲ್ಲ. ಉದಾಹರಣೆಗೆ ಸ್ಯಾನ್ ಹೋಸೆ ಕ್ಯಾಂಪಸ್ಸೇ ಬೇಕೆನ್ನುವವರು ಅಲ್ಲಿನ ವಿಭಾಗ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸುಗಳನ್ನು ಒಪ್ಪುತ್ತದೆಂದು ಅಸಿಸ್ಟ್ ಎಂಬ ಜಾಲತಾಣದಲ್ಲಿ ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಳ್ಳಬೇಕು, ಮತ್ತು ಮುಂದಿನ ವರ್ಷದ ಶರತ್ಕಾಲದ ಪ್ರವೇಶಕ್ಕೆ ಹಿಂದಿನ ವರ್ಷದ ಅಕ್ಟೋಬರ್ 1ರಿಂದಲೇ ಅರ್ಜಿ ಹಾಕಬೇಕು.