ಅಪ್ಪನ ಹಿಮ್ಮಡಿಗೆ ಕುರಿ ಕೊಬ್ಬಿನ ಮುಲಾಮು: ನಾಲ್ಕು ಚಳಿಗಾಲದ ನನ್ನ ಅನುಭವ

ಅಪ್ಪನ ಹಿಮ್ಮಡಿ ನೋಡಿದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ನೆನಪಾಗುತ್ತಿತ್ತು. ಶಿರಾ ಕಡೆಯ ನಮ್ಮೂರಿನಲ್ಲಿ ಅವರು ನಲವತ್ತು ವರ್ಷ ಕುರಿ ಹಿಂದೆ ನಡೆದವರು. ಚಪ್ಪಲಿ ಮೆಟ್ಟಿದ್ದಕ್ಕಿಂತ ಬರಿಗಾಲಲ್ಲಿ ನಡೆದದ್ದೇ ಜಾಸ್ತಿ. ಕಾರ್ತಿಕದ ಒಣಗಾಳಿ ಶುರುವಾದರೆ ಸಾಕು, ಒಡಕುಗಳಲ್ಲಿ ರಕ್ತ ಜಿನುಗುತ್ತಿತ್ತು. ರಾತ್ರಿ ಕಂಬಳಿ ಎಳೆದುಕೊಳ್ಳುವಾಗ ಅದರ ಒರಟು ಎಳೆಗೆ ಹಿಮ್ಮಡಿ ಸಿಕ್ಕಿಕೊಂಡು ನರಳುತ್ತಿದ್ದರು. ಮಗ್ಗುಲ ಕೋಣೆಯಲ್ಲಿ ಮಲಗಿದ ನನಗೆ ಅದು ಕೇಳುತ್ತಿತ್ತು.

ತುಮಕೂರಿನಿಂದ ಹೋದಾಗಲೆಲ್ಲ ಒಂದೊಂದು ಕ್ರೀಮ್ ಒಯ್ಯುತ್ತಿದ್ದೆ. ಹಚ್ಚಿದ ಅರ್ಧ ಗಂಟೆಗೆ ಆರಿಹೋಗುತ್ತಿದ್ದವು. ಒಂದು ದಿನ ಅಪ್ಪನೇ ಹೇಳಿದರು: "ನಮ್ಮವ್ವ ಕುರಿ ನೆಣ ಕರಗಿಸಿ ಹಚ್ಚೋಳು ಮಗಾ. ಬೆಳಗ್ಗೆ ಎದ್ರೂ ಜಿಡ್ಡು ಹಂಗೇ ಇರೋದು." ಆ ಮಾತು ಹಿಡಿದುಕೊಂಡೇ ನಾನು ಶುರು ಮಾಡಿದ್ದು. ಅಜ್ಜಿ ಹೇಗೆ ಮಾಡುತ್ತಿದ್ದರು ಅಂತ ಹೇಳುವವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಕೆಡಿಸಿ ಕೆಡಿಸಿಯೇ ಕಲಿತೆ.

ಮೊದಲು ಕೊಬ್ಬಿನ ಮಾತು. ಕುರಿಯ ಎಲ್ಲ ಕೊಬ್ಬೂ ಒಂದೇ ಅಲ್ಲ. ಮಾಂಸಕ್ಕೆ ಅಂಟಿದ ಕೊಬ್ಬು ಮೆತ್ತಗಿರುತ್ತದೆ, ಅದರಲ್ಲಿ ರಕ್ತ, ನಾರು ಎಲ್ಲ ಸೇರಿರುತ್ತದೆ. ನಮಗೆ ಬೇಕಾದದ್ದು ಮೂತ್ರಪಿಂಡದ ಸುತ್ತ ಇರುವ ಬಿಳಿ ಗಟ್ಟಿ ಕೊಬ್ಬು. ಮುರಿದರೆ ಪುಡಿಪುಡಿಯಾಗುತ್ತದೆ, ಕೈಗೆ ಒಣಗಿದ ಮೇಣದ ಹಾಗೆ ಸಿಗುತ್ತದೆ. ಮಟನ್ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಟ್ಟರೆ ತೆಗೆದಿಡುತ್ತಾರೆ. ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ಬೇಕಾದಷ್ಟು ಸಿಗುತ್ತದೆ. ಆ ದಿನ ಅಂಗಡಿ ಮುಂದೆ ಸಾಲು ನಿಂತವರಿಗೆಲ್ಲ ಮಾಂಸ ಬೇಕು, ಕೊಬ್ಬು ಯಾರಿಗೂ ಬೇಡ. ನಾನು ಆಗಲೇ ತಂದು ಕರಗಿಸಿ ಫ್ರಿಜ್ಜಿನಲ್ಲಿ ಇಟ್ಟುಬಿಡುತ್ತೇನೆ. ಚಳಿಗಾಲಕ್ಕೆ ಮುಲಾಮು ಮಾಡಲು ಅದೇ ಸಾಕು.

ಒಂದು ಕೆಜಿ ತಂದರೆ ಮೊದಲು ಒಂದು ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದರೆ ಹೆಚ್ಚುವುದು ಸುಲಭ. ರಕ್ತದ ಕಲೆ, ಮಾಂಸದ ಚೂರು, ಮೇಲಿನ ತೆಳು ಪೊರೆ ಎಲ್ಲ ತೆಗೆಯಬೇಕು. ಇದಕ್ಕೆ ಬೇಜಾರು ಪಡಬೇಡಿ. ಉಳಿದ ಒಂದೊಂದು ಮಾಂಸದ ಚೂರೂ ಆಮೇಲೆ ವಾಸನೆಯಾಗಿ ಎದುರಿಗೆ ಬರುತ್ತದೆ. ಸಣ್ಣಗೆ ಹೆಚ್ಚಿದಷ್ಟೂ ಬೇಗ ಕರಗುತ್ತದೆ.

ಮೊದಲ ವರ್ಷ ಬರೀ ಬಾಣಲೆಯಲ್ಲಿ ಹಾಕಿ ಕರಗಿಸಿದೆ. ಉರಿ ಸ್ವಲ್ಪ ಜಾಸ್ತಿಯಾಯಿತು. ಚೂರುಗಳು ಕಂದಾಗಿ ಹುರಿದವು, ಕೊಬ್ಬಿಗೂ ಹುರಿದ ಮಾಂಸದ ವಾಸನೆ ಹತ್ತಿತು. ಅಡುಗೆಗಾದರೆ ಅದೇ ರುಚಿ. ಕಾಲಿಗೆ ಹಚ್ಚಿಕೊಂಡು ಮಲಗಲು ಆಗುವುದಿಲ್ಲ. ಅಪ್ಪ ಏನೂ ಅನ್ನದೆ ಹಚ್ಚಿಕೊಂಡರು, ಆದರೆ ಮನೆ ನಾಯಿ ರಾತ್ರಿಯಿಡೀ ಅವರ ಕಾಲು ಬಿಡಲಿಲ್ಲ.

ಎರಡನೇ ಸಲದಿಂದ ನೀರಿನಲ್ಲಿ ಕರಗಿಸುತ್ತೇನೆ. ದಪ್ಪ ತಳದ ಪಾತ್ರೆಗೆ ಹೆಚ್ಚಿದ ಕೊಬ್ಬು, ಒಂದು ಲೀಟರ್ ನೀರು, ಎರಡು ಚಮಚ ಕಲ್ಲುಪ್ಪು. ಸಣ್ಣ ಉರಿಯಲ್ಲಿ ಮೂರು ಗಂಟೆ. ನೀರಿರುವ ತನಕ ಕೊಬ್ಬು ಸೀಯುವುದಿಲ್ಲ. ರಕ್ತದ ಅಂಶ, ಕೊಳೆ, ವಾಸನೆಯ ಒಂದು ಪಾಲು ನೀರಿಗೆ ಇಳಿಯುತ್ತದೆ. ನೀರು ಕಮ್ಮಿಯಾದರೆ ಬಿಸಿನೀರನ್ನೇ ಸೇರಿಸಿ. ಆಮೇಲೆ ಹಳೇ ಪಂಚೆ ಬಟ್ಟೆ ಎರಡು ಮಡಿಕೆ ಹಾಕಿ ಸೋಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು.

ಬೆಳಗ್ಗೆ ನೋಡಿದರೆ ಮೇಲೆ ಬಿಳಿ ಬಿಲ್ಲೆ ಕಟ್ಟಿರುತ್ತದೆ, ಕೆಳಗೆ ಕಂದು ನೀರು. ಬಿಲ್ಲೆಯನ್ನು ಎತ್ತಿ ಮಗುಚಿ ಹಾಕಿದರೆ ಅಡಿಯಲ್ಲಿ ಬೂದು ಬಣ್ಣದ ಗಸಿ ಅಂಟಿರುತ್ತದೆ, ತುಪ್ಪದ ತಳದಲ್ಲಿ ಉಳಿಯುತ್ತದಲ್ವಾ, ಹಾಗೆ. ಅದನ್ನು ಚಾಕುವಿನಲ್ಲಿ ಹೆರೆದು ತೆಗೆದು, ಮತ್ತೆ ಹೊಸ ನೀರು, ಹೊಸ ಉಪ್ಪು ಹಾಕಿ ಕರಗಿಸುತ್ತೇನೆ. ಹೀಗೆ ಮೂರು ಸಲ. ಮೂರನೇ ಸಲಕ್ಕೆ ಕೆಳಗಿನ ನೀರು ತಿಳಿಯಾಗಿರುತ್ತದೆ. ಕುರಿ ವಾಸನೆ ಪೂರ್ತಿ ಹೋಗುವುದಿಲ್ಲ, ಅದು ಆ ಕೊಬ್ಬಿನಲ್ಲೇ ಇರುವ ಗುಣ. ಆದರೆ ಮೂಗಿನ ಹತ್ತಿರ ಹಿಡಿದರಷ್ಟೇ ಗೊತ್ತಾಗುವಷ್ಟು ಇಳಿಯುತ್ತದೆ.

ಈಗ ನಾನು ಅತಿ ಹೆಚ್ಚು ಕಷ್ಟಪಟ್ಟು ಕಲಿತ ವಿಷಯ. ಎರಡನೇ ವರ್ಷ ಬಿಲ್ಲೆಯನ್ನು ಬಟ್ಟೆಯಲ್ಲಿ ಒರೆಸಿ ಸೀದಾ ಮುಲಾಮು ಮಾಡಿಬಿಟ್ಟೆ. ನೋಡಲು ಬೆಣ್ಣೆಯ ಹಾಗೆ ಚೆನ್ನಾಗಿಯೇ ಇತ್ತು. ತಿಂಗಳಾಗುವಷ್ಟರಲ್ಲಿ ಡಬ್ಬಿಯ ಅಂಚಿನಲ್ಲಿ ಕಪ್ಪು ಚುಕ್ಕೆಗಳು. ಬೂಷ್ಟು ಹಿಡಿದಿತ್ತು. ನಾಲ್ಕು ಡಬ್ಬಿಯನ್ನೂ ಎಸೆದೆ. ಶುದ್ಧ ಕೊಬ್ಬಿನಲ್ಲಿ ಬೂಷ್ಟು ಬೆಳೆಯುವುದಿಲ್ಲ, ಅದಕ್ಕೆ ನೀರು ಬೇಕು. ತೊಳೆಯುವಾಗ ಹೊಕ್ಕ ನೀರು ಒಳಗೇ ಉಳಿದಿತ್ತು.

ಹಾಗಾಗಿ ಕೊನೆಯ ಸಲ ನೀರಿಲ್ಲದೆ ಕಾಯಿಸಲೇಬೇಕು. ಬೆಣ್ಣೆ ಕಾಯಿಸಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಲ್ಲೆಯನ್ನು ಒರೆಸಿ, ಒಣಗಿದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಡಿ. ಮೊದಲು ಚಟಪಟ ಸದ್ದು, ತಳದಿಂದ ಗುಳ್ಳೆ. ಕಿವಿ ಕೊಟ್ಟು ನಿಲ್ಲಿ. ಸದ್ದು ಸಣ್ಣಗಾಗುತ್ತದೆ, ಆಮೇಲೆ ನಿಲ್ಲುತ್ತದೆ. ಒಂದು ಗುಳ್ಳೆಯೂ ಏಳದೆ ಕೊಬ್ಬು ಗಾಜಿನ ಹಾಗೆ ತಿಳಿಯಾದರೆ ನೀರು ಹೋಯಿತು ಅಂತ. ಆ ಹೊತ್ತಿನಲ್ಲಿ ಒಲೆ ಬಿಟ್ಟು ಅಲ್ಲಾಡಬೇಡಿ. ಬಿಸಿ ಕೊಬ್ಬಿಗೆ ಹಸಿ ಚಮಚ ಹಾಕಿದರೆ ಮುಖಕ್ಕೆ ಸಿಡಿಯುತ್ತದೆ, ಮಿತಿಮೀರಿ ಕಾದರೆ ಬೆಂಕಿಯೇ ಹತ್ತಬಹುದು. ನನಗೆ ಒಂದು ಕೆಜಿಗೆ ಸುಮಾರು 650 ರಿಂದ 700 ಗ್ರಾಂ ತಿಳಿ ಕೊಬ್ಬು ಸಿಗುತ್ತದೆ.

ಕುರಿ ಕೊಬ್ಬು ತುಂಬಾ ಗಟ್ಟಿ. 44 ಡಿಗ್ರಿ ಮೇಲೇ ಅದು ಕರಗುವುದು. ನಮ್ಮ ಮೈಯ ಬಿಸಿ 37. ಹಾಗೇ ಹಚ್ಚಿದರೆ ಮೇಣದ ಬತ್ತಿ ಉಜ್ಜಿದ ಹಾಗಾಗುತ್ತದೆ. ಅದಕ್ಕೇ ಎಣ್ಣೆ ಸೇರಿಸಬೇಕು. ಚಳಿಗಾಲಕ್ಕೆ ನನ್ನ ಅಳತೆ 300 ಗ್ರಾಂ ಕೊಬ್ಬಿಗೆ 100 ಗ್ರಾಂ ಗಾಣದ ಎಳ್ಳೆಣ್ಣೆ. ಎಳ್ಳೆಣ್ಣೆ ಬೇಗ ಕಮಟುವುದಿಲ್ಲ, ಅದಕ್ಕೇ ಅದು. ಬೇಸಿಗೆಯಲ್ಲಿ ಇದು ಡಬ್ಬಿಯಲ್ಲೇ ತೀರಾ ಮೆತ್ತಗಾಗುತ್ತದೆ. ಆಗ ಎಣ್ಣೆ 60 ಗ್ರಾಂಗೆ ಇಳಿಸಿ 20 ಗ್ರಾಂ ಜೇನುಮೇಣ ಹಾಕುತ್ತೇನೆ. ಜೇನುಮೇಣ ಕರಗಲು 62–64 ಡಿಗ್ರಿ ಬೇಕು, ಅದನ್ನು ಮೊದಲು ಕರಗಿಸಿ ಆಮೇಲೆ ಕೊಬ್ಬು ಹಾಕಿ. ಲೋಟದ ಅಳತೆ ಬೇಡ, ತಕ್ಕಡಿಯಲ್ಲೇ ತೂಗಿ.

ಒಂದು ಸಲ ಹೀಗೆ ಬೆರೆಸಿದ್ದನ್ನು ಹಾಗೇ ಆರಲು ಬಿಟ್ಟೆ. ಮಾರನೇ ದಿನ ಬೆರಳಿಗೆ ರವೆ ರವೆಯಾಗಿ ಸಿಕ್ಕಿತು. ತುಪ್ಪ ಮರಳು ಮರಳಾಗಿದ್ದರೆ ಚೆಂದ, ಆದರೆ ರಕ್ತ ಬರುವ ಹಿಮ್ಮಡಿಗೆ ಉಜ್ಜಲು ಅದು ಆಗದು. ನಿಧಾನವಾಗಿ ಆರಿದರೆ ಕೊಬ್ಬಿನ ಗಟ್ಟಿ ಪಾಲು ಬೇರೆಯಾಗಿ ಹರಳುಗಟ್ಟುತ್ತದೆ. ಈಗ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಕೈಯಾಡಿಸುತ್ತಲೇ ಇರುತ್ತೇನೆ. ಅಂಚು ಬೆಳ್ಳಗಾಗಿ, ಇಡೀ ಪಾತ್ರೆ ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅಮ್ಮನ ಮಜ್ಜಿಗೆ ಕಡಗೋಲಿನಲ್ಲಿ ಹತ್ತು ನಿಮಿಷ ಕಡೆಯುತ್ತೇನೆ. ಕಡಗೋಲು ಚೆನ್ನಾಗಿ ಒಣಗಿರಬೇಕು, ನೆನಪಿರಲಿ. ಮೊದಲು ಭಾರವಾಗಿ ತಿರುಗುತ್ತದೆ, ಆಮೇಲೆ ಗಾಳಿ ಸೇರಿ ಹಗುರಾಗುತ್ತದೆ. ಬಣ್ಣ ಕೆನೆಯಿಂದ ಬಿಳಿಗೆ ತಿರುಗುತ್ತದೆ. ಬೆರಳಲ್ಲಿ ತೆಗೆದರೆ ಈಗಷ್ಟೇ ತೇಲಿದ ಬೆಣ್ಣೆ! ಆ ಹದ ಕೈಗೆ ಬಂದಾಗ ಆಗುವ ಸಂತೋಷವೇ ಬೇರೆ.

ಪರಿಮಳಕ್ಕೆ ಅಂತ ಒಮ್ಮೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಧಾರಾಳವಾಗಿ ಹಾಕಿದೆ. ಅಪ್ಪನ ಒಡಕುಗಳಿಗೆ ಖಾರ ಸವರಿದ ಹಾಗೆ ಉರಿಯಿತಂತೆ. ಅವರ ಮುಖ ನೋಡಿ ನನಗೆ ಅಳುವೇ ಬಂತು. ಆ ಎಣ್ಣೆಗಳು ತುಂಬಾ ಖಡಕ್ಕು. ಒಡೆದ ಚರ್ಮಕ್ಕೆ ಮಾಡುವುದಾದರೆ ಏನೂ ಹಾಕದಿರುವುದೇ ಒಳ್ಳೆಯದು.

ಕೊಬ್ಬು ಅಂಟಿದ ಪಾತ್ರೆಯನ್ನು ಸಿಂಕಿನಲ್ಲಿ ತೊಳೆಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಸಿ ಇರುವಾಗಲೇ ಹಳೇ ಪೇಪರಿನಲ್ಲಿ ಒರೆಸಿ, ಆಮೇಲೆ ಸೀಗೆಪುಡಿ, ಬಿಸಿನೀರು.

ಹಚ್ಚುವ ಬಗೆಯೂ ಮುಖ್ಯ. ಕೊಬ್ಬು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಆರಲು ಬಿಡುವುದಿಲ್ಲ, ಅಷ್ಟೇ. ಒಣಗಿದ ಕಾಲಿಗೆ ಸುಮ್ನೆ ಬಳಿದರೆ ಹೆಚ್ಚು ಉಪಯೋಗ ಇಲ್ಲ. ರಾತ್ರಿ ಹತ್ತು ನಿಮಿಷ ಕಾಲನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ಹುಣಸೆ ಬೀಜದಷ್ಟು ತೆಗೆದು ಅಂಗೈಯಲ್ಲಿ ಕರಗಿಸಿ ತಿಕ್ಕಬೇಕು. ಮೇಲೆ ಹತ್ತಿಯ ಕಾಲುಚೀಲ. ಅಪ್ಪನಿಗೆ ಎರಡು ವಾರದಲ್ಲಿ ರಕ್ತ ನಿಂತಿತು. ಒಡಕು ಮುಚ್ಚಲು ಒಂದೂವರೆ ತಿಂಗಳು ಹಿಡಿಯಿತು. ಬಿಟ್ಟರೆ ಮತ್ತೆ ಒಡೆಯುತ್ತದೆ, ಅದಕ್ಕೇ ಚಳಿಗಾಲ ಮುಗಿಯುವವರೆಗೆ ದಿನಾ ಹಚ್ಚುತ್ತಾರೆ.

ಶುರು ಮಾಡುವ ಮೊದಲು ಅವರ ಶುಗರ್ ಪರೀಕ್ಷೆ ಮಾಡಿಸಿದ್ದೆ. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಒಡಕು ಬೇರೆ ವಿಷಯ, ಅದನ್ನು ಡಾಕ್ಟರಿಗೇ ತೋರಿಸಬೇಕು. ಕೀವು ಇದ್ದರೆ, ಸುಟ್ಟ ಗಾಯ ಇದ್ದರೆ ಇದನ್ನು ಹಚ್ಚಬೇಡಿ. ಮೊಡವೆ ಮುಖಕ್ಕೂ ಬೇಡ. ಯಾರೇ ಆಗಲಿ ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಿರಿ.

ಮಾಂಸ ಮುಟ್ಟದ ಮನೆಯ ಗೆಳತಿಯೊಬ್ಬಳು ತನ್ನ ತಾಯಿಗೆ ಏನಾದರೂ ಮಾಡಿಕೊಡು ಅಂದಳು. ಅವರಿಗೆ ಆಯುರ್ವೇದದ ಶತಧೌತ ಘೃತದ ಹಾಗೆ ನೂರು ಸಲ ತೊಳೆದ ತುಪ್ಪ ಮಾಡಿಕೊಟ್ಟೆ. ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪ, ಸ್ವಲ್ಪ ನೀರು, ಅಂಗೈಯಿಂದ ಉಜ್ಜುವುದು, ನೀರು ಚೆಲ್ಲುವುದು, ಮತ್ತೆ ಹೊಸ ನೀರು. ಎರಡೂವರೆ ಗಂಟೆ ಹಿಡಿಯಿತು, ರಟ್ಟೆ ನೋವು ಬಂತು. ಹಳದಿ ತುಪ್ಪ ಬೆಳ್ಳಗೆ ನೊರೆಯಂತಾಯಿತು, ತುಪ್ಪದ ವಾಸನೆಯೂ ಬಹಳ ಕಮ್ಮಿಯಾಯಿತು. ತುಟಿಗೆ, ಕೈಗೆ ಅದರಷ್ಟು ನಯ ಇನ್ನೊಂದಿಲ್ಲ. ಆದರೆ ಅದರಲ್ಲಿ ನೀರಿನ ಅಂಶ ಉಳಿಯುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಕೊಬ್ಬಿನ ಮುಲಾಮನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಇಲಿಗಳಿಗೆ ಇದು ದೂರದಿಂದಲೇ ಗೊತ್ತಾಗುತ್ತದೆ. ಹಸಿ ಬೆರಳು ಅದ್ದಬೇಡಿ. ನಾನು ಮುಚ್ಚಳದ ಮೇಲೆ ತಾರೀಕು ಬರೆದು ಆರು ತಿಂಗಳಲ್ಲಿ ಮುಗಿಸುತ್ತೇನೆ. ಕಮಟು ವಾಸನೆ ಬಂದರೆ ಎಸೆಯುತ್ತೇನೆ.

ಅಪ್ಪ ಈಗಲೂ ಹತ್ತು ಕುರಿ ಇಟ್ಟುಕೊಂಡಿದ್ದಾರೆ. ಜೊತೆಯಲ್ಲಿ ಕಾಯುವ ಇಬ್ಬರು ಅವರ ಕಾಲು ನೋಡಿ ತಮಗೂ ಒಂದೊಂದು ಡಬ್ಬಿ ಬೇಕು ಅಂದಿದ್ದಾರಂತೆ. ಈ ಸಲ ಹೊಸತೊಡಕಿಗೆ ಎರಡು ಕೆಜಿ ಕೊಬ್ಬು ತೆಗೆದಿಡಲು ಹೇಳಿದ್ದೇನೆ.