ನಾಲ್ಕನೇ ಮೂಲೆ ಕೂಡುವವರೆಗೆ: ಓರೆ ಮೂಲೆಯ ಪೆಟ್ಟಿಗೆ ಮಾಡಿದ ನನ್ನ ಅನುಭವ

ಮೂರು ಮೂಲೆ ಚೆನ್ನಾಗಿ ಕೂಡಿದ್ದವು. ನಾಲ್ಕನೆಯದು ಬಾಯಿ ಬಿಟ್ಟುಕೊಂಡಿತ್ತು. ನನ್ನ ಮೊದಲ ಪೆಟ್ಟಿಗೆಯ ಕಥೆ ಇಷ್ಟೇ. ಬಿರುಕಿಗೆ ಮರದ ಪುಡಿ, ಅಂಟು ಕಲಸಿ ತುಂಬಿದೆ. ಉಜ್ಜಿದಾಗ ಪರವಾಗಿಲ್ಲ ಅನಿಸಿತು. ಪಾಲಿಶ್ ಹಚ್ಚಿದ ಮೇಲೆ ಆ ಮೂಲೆಗೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆ ಎದ್ದು ಬಂತು. ಮುಚ್ಚಲು ಹೋದದ್ದನ್ನು ನಾನೇ ಎಲ್ಲರಿಗೂ ತೋರಿಸಿದ ಹಾಗಾಯಿತು.

ಎರಡು ಹಲಗೆಯ ತುದಿಗಳನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಕೂಡಿಸಿದರೆ ಅದು ಮೈಟರ್ ಮೂಲೆ, ಅಂದರೆ ಓರೆ ಮೂಲೆ. ಇದರ ಚೆಂದ ಏನೆಂದರೆ ಹಲಗೆಯ ಕೊಯ್ದ ತುದಿ ಎಲ್ಲೂ ಕಾಣುವುದಿಲ್ಲ. ಮರದ ಎಳೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮೂಲೆ ಸುತ್ತಿ ಹರಿದು ಹೋದಂತೆ ಕಾಣುತ್ತದೆ. ಅದನ್ನು ನೋಡಿಯೇ ನಾನು ಮರುಳಾದದ್ದು. ಆದರೆ ಇದರಲ್ಲಿ ಒಂದು ಹಲಗೆ ಇನ್ನೊಂದನ್ನು ಕಚ್ಚಿ ಹಿಡಿಯುವುದಿಲ್ಲ. ಎರಡು ಓರೆ ಮೈಗಳು ಸುಮ್ನೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ತಪ್ಪು ಮಾಡಿದರೆ ಅಡಗಿಸಲು ಜಾಗವೂ ಇಲ್ಲ.

ಮೊದಲು ನಾನು ತಪ್ಪನ್ನೆಲ್ಲ ಗರಗಸದ ಮೇಲೆ ಹಾಕಿದ್ದೆ. ಆಮೇಲೆ ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಒಂದು ಮೂಲೆಗೆ ಒಂದು ಡಿಗ್ರಿ. ಪೆಟ್ಟಿಗೆಗೆ ಎಂಟು ಕೊಯ್ತ, ಅಂದರೆ ಒಟ್ಟು ನಾಲ್ಕು ಡಿಗ್ರಿ. ಹಲಗೆ 12 ಮಿಲಿಮೀಟರ್ ದಪ್ಪ ಇದ್ದರೆ ಓರೆ ಮೈ ಸುಮಾರು 17 ಮಿಲಿಮೀಟರ್ ಅಗಲ ಬರುತ್ತದೆ. ಅದರಲ್ಲಿ ಒಂದು ಡಿಗ್ರಿ ಅಂದರೆ 0.3 ಮಿಲಿಮೀಟರ್ ಬಿರುಕು. ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಮೂರು ಮೂಲೆಯನ್ನು ಬಿಗಿದು ಕೂಡಿಸಿ, ಅಷ್ಟೂ ತಪ್ಪನ್ನು ನಾಲ್ಕನೆಯದಕ್ಕೆ ತಳ್ಳಿದ್ದೆ. ಅಲ್ಲಿಗೆ ಬಿರುಕು ಒಂದು ಮಿಲಿಮೀಟರ್ ದಾಟಿತು. ಬಾಯಿ ಬಿಡದೆ ಇನ್ನೇನು ಮಾಡುತ್ತದೆ, ಅಲ್ವಾ?

ಆವತ್ತಿನಿಂದ 45 ಅನ್ನುವ ಅಂಕಿಯನ್ನು ನಂಬುವುದು ಬಿಟ್ಟೆ. ನನಗೆ ಬೇಕಾಗಿರುವುದು 45 ಅಲ್ಲ, 90. ಎರಡು ಬೇಡದ ತುಂಡುಗಳನ್ನು ಓರೆ ಮಾಡಿ, ಕೂಡಿಸಿ, 90 ಡಿಗ್ರಿ ನೋಡುವ ಮೂಲೆಮಟ್ಟದ ಒಳಗೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇನೆ. ಬೆಳಕು ಎಲ್ಲಿ ತೂರುತ್ತದೆ ಅನ್ನುವುದೇ ಉತ್ತರ. ಹೊರ ಅಂಚಿನಲ್ಲಿ ಬೆಳಕು ಕಂಡರೆ ತುದಿಗಳು ದಪ್ಪವಾಗಿವೆ, ಒಳಗಡೆ ಮೊದಲು ತಾಗುತ್ತಿವೆ. ಒಳ ಅಂಚಿನಲ್ಲಿ ಕಂಡರೆ ತುದಿಗಳು ಬೇಕಾದ್ದಕ್ಕಿಂತ ಚೂಪಾಗಿವೆ. ಎರಡರಲ್ಲಿ ಒಂದನ್ನು ಆರಿಸಿಕೋ ಅಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಹೊರಗೆ ಗೆರೆ ಸರಿಯಾಗಿ ಕೂಡಿ, ಒಳಗೆ ಕೂದಲೆಳೆಯಷ್ಟು ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಗರಗಸದ ಕೊಯ್ತದ ಮೇಲೆ ನೇರವಾಗಿ ಅಂಟು ಹಾಕುವುದಿಲ್ಲ. ಗೆರೆಯಿಂದ ಒಂದು ಮಿಲಿಮೀಟರ್ ಹೊರಗೆ ಕೊಯ್ದು, ಉಳಿದದ್ದನ್ನು ಉಜ್ಜುಗೊರಡಿನಿಂದ ತೆಗೆಯುತ್ತೇನೆ. ಅದಕ್ಕೆ ಒಂದು ಇಳಿಜಾರು ಜಿಗ್, ಅಂದರೆ ಹಲಗೆಯನ್ನು ಬೇಕಾದ ಕೋನದಲ್ಲಿ ಹಿಡಿಯುವ ಆಸರೆ, ಮಾಡಿಕೊಂಡಿದ್ದೇನೆ. 45 ಡಿಗ್ರಿ ಇಳಿಜಾರಿನ ಒಂದು ಹಲಗೆ, ಅದರ ಒಂದು ಅಂಚಿಗೆ ತಡೆಪಟ್ಟಿ. ಪೆಟ್ಟಿಗೆಯ ಹಲಗೆ ಇಳಿಜಾರಿನ ಮೇಲೆ ಮಲಗುತ್ತದೆ. ಅದರ ತುದಿ ಒಂದಿಷ್ಟೇ ಹೊರಗೆ ಚಾಚಿರುತ್ತದೆ. ಉಜ್ಜುಗೊರಡು ಮಗ್ಗುಲಾಗಿ ಮಲಗಿ ಆ ತುದಿಯನ್ನು ಹೆರೆಯುತ್ತಾ ಹೋಗುತ್ತದೆ. ತಡೆಪಟ್ಟಿ ಹಿಂದೆ ಒತ್ತಿ ನಿಂತಿರುವುದರಿಂದ ಕೊನೆಯ ಅಂಚಿನ ನಾರು ಕಿತ್ತು ಬರುವುದಿಲ್ಲ. ಅಲಗು ಮಾತ್ರ ಹರಿತ ಇರಲೇಬೇಕು. ಮೊಂಡಾದ ಅಲಗು ತುದಿಯ ನಾರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಜಿಗ್‌ನ ಇಳಿಜಾರು ಸ್ವಲ್ಪ ತಪ್ಪಿದ್ದರೆ ಅದನ್ನು ಬಿಚ್ಚಿ ಮತ್ತೆ ಮಾಡಬೇಕಾಗಿಲ್ಲ. 100 ಮಿಲಿಮೀಟರ್ ಉದ್ದದ ಇಳಿಜಾರಿನ ಒಂದು ತುದಿಯಲ್ಲಿ, ಹಲಗೆಯ ಕೆಳಗೆ, ಒಂದು ಸಾಮಾನ್ಯ ಕಾಗದದ ಚೂರು ಇಡಿ. ಅದು ಸುಮಾರು 0.1 ಮಿಲಿಮೀಟರ್ ದಪ್ಪ. ಕೋನ ಹತ್ತಿರ ಹತ್ತಿರ 0.06 ಡಿಗ್ರಿ ಬದಲಾಗುತ್ತದೆ. ನನ್ನ ಜಿಗ್‌ನಲ್ಲಿ ಈಗಲೂ ಎರಡು ಚೂರು ಕಾಗದ ಅಂಟಿಕೊಂಡಿವೆ. ಯಂತ್ರದ ಅಳತೆಪಟ್ಟಿಯಲ್ಲಿ ಇಷ್ಟು ಸಣ್ಣ ಬದಲಾವಣೆ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎರಡನೇ ಪೆಟ್ಟಿಗೆ ಕೂಡಲಿಲ್ಲ! ಬೇಡದ ತುಂಡುಗಳು ಕೂಡುತ್ತಿದ್ದವು, ಅಸಲಿ ಹಲಗೆಗಳು ಕೂಡುತ್ತಿರಲಿಲ್ಲ. ತಲೆ ಕೆಟ್ಟುಹೋಯಿತು. ಕೊನೆಗೆ ಗೊತ್ತಾಯಿತು. ಹಲಗೆಯ ಒಂದು ತುದಿ ಹೆರೆಯುವಾಗ ಅದರ ಕೆಳ ಅಂಚು ತಡೆಪಟ್ಟಿಗೆ ಒರಗಿರುತ್ತದೆ. ಇನ್ನೊಂದು ತುದಿಗೆ ತಿರುಗಿಸಿದಾಗ ಮೇಲಿನ ಅಂಚು ಒರಗುತ್ತದೆ. ನನ್ನ ಹಲಗೆಯ ಅಗಲ ಒಂದು ಕಡೆಗಿಂತ ಇನ್ನೊಂದು ಕಡೆ ಒಂದಿಷ್ಟು ಕಡಿಮೆ ಇತ್ತು. ಹಾಗಾಗಿ ಒಂದು ತುದಿ ನೆಟ್ಟಗೆ, ಇನ್ನೊಂದು ವಾಲಿಕೊಂಡು ಬಂದಿತ್ತು. ಪೆಟ್ಟಿಗೆಯ ಮೂಲೆ ತಳದಲ್ಲಿ ಕೂಡಿ, ಮೇಲೆ ತೆರೆದುಕೊಂಡಿತ್ತು. ಈಗ ಮೂಲೆಯ ಯೋಚನೆಗೆ ಮೊದಲು ಹಲಗೆಯ ಎರಡೂ ಅಂಚು ಸಮವಾಗಿವೆಯೇ, ಹಲಗೆ ತಿರುಚಿದೆಯೇ ಅಂತ ನೋಡುತ್ತೇನೆ. ಓರೆ ಮೂಲೆಯ ಕೆಲಸ ಅರ್ಧ ಮುಗಿಯುವುದು ಓರೆ ಮಾಡುವುದಕ್ಕೆ ಮುಂಚೆಯೇ.

ಇನ್ನು ಉದ್ದ. ಕೋನ ಎಷ್ಟೇ ಸರಿ ಇರಲಿ, ಎದುರುಬದುರು ಹಲಗೆಗಳು ಒಂದೇ ಉದ್ದ ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಬಿರುಕು ಬಂದೇ ಬರುತ್ತದೆ. ಬಿರುಕು ಕಂಡ ಕೂಡಲೇ ಕೋನ ತಿದ್ದಲು ಹೋಗಿ, ಸರಿ ಇದ್ದದ್ದನ್ನೂ ಕೆಡಿಸಿದವನು ನಾನು. ಇದಕ್ಕೆ ಅಳತೆಯ ಟೇಪು ಬೇಡ. ಎರಡು ಉದ್ದದ ಹಲಗೆಗಳನ್ನು ಬೆನ್ನಿಗೆ ಬೆನ್ನು ಹಿಡಿದು, ಒಂದು ಕಡೆ ತುದಿಗಳನ್ನು ಸಮ ಮಾಡಿ, ಇನ್ನೊಂದು ಕಡೆಯ ತುದಿಗಳ ಮೇಲೆ ಉಗುರು ಎಳೆಯುತ್ತೇನೆ. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ತಗಲುತ್ತದೆ. ಜಾಸ್ತಿ ಇರುವುದನ್ನು ಒಂದು ಹೆರೆ ತೆಗೆದು ಮತ್ತೆ ಹಿಡಿದು ನೋಡುತ್ತೇನೆ. ಉದ್ದ 240 ಇರಬೇಕಾದ ಕಡೆ 239 ಆದರೆ ಯಾರಿಗೇನು? ಜೋಡಿ ಸಮ ಇದ್ದರೆ ಆಯಿತು. ಚೂಪು ತುದಿಗಳು ಮೇಜಿಗೆ ತಾಗಿದರೂ ಮುದುಡುತ್ತವೆ, ಅದಕ್ಕೆ ಹೆರೆದ ಹಲಗೆಗಳನ್ನು ಒಂದು ಬಟ್ಟೆಯ ಮೇಲೆ ಇಡುತ್ತೇನೆ.

ಎಳೆ ಮೂಲೆ ಸುತ್ತಿ ಹರಿಯಬೇಕಾದರೆ ನಾಲ್ಕೂ ಬದಿಯನ್ನು ಒಂದೇ ಹಲಗೆಯಿಂದ, ಅದೇ ಸಾಲಿನಲ್ಲಿ ತೆಗೆಯಬೇಕು. ಉದ್ದ, ಗಿಡ್ಡ, ಉದ್ದ, ಗಿಡ್ಡ. ಕೊಯ್ಯುವ ಮೊದಲೇ ಎಲ್ಲದಕ್ಕೂ ಒಂದರಿಂದ ನಾಲ್ಕು ನಂಬರ್ ಬರೆಯಿರಿ. ಮೂರು ಮೂಲೆಯಲ್ಲಿ ಎಳೆ ಕೂಡುತ್ತದೆ, ನಾಲ್ಕನೆಯದರಲ್ಲಿ ಹಲಗೆಯ ಮೊದಲೂ ಕೊನೆಯೂ ಎದುರಾಗುವುದರಿಂದ ಕೂಡುವುದಿಲ್ಲ. ದಪ್ಪ ಹಲಗೆಯನ್ನು ಮಧ್ಯಕ್ಕೆ ಸೀಳಿ ಪುಸ್ತಕದಂತೆ ಬಿಡಿಸಿ ತೆಗೆದರೆ ನಾಲ್ಕೂ ಕೂಡುತ್ತವೆ. ನನಗೆ ಅಷ್ಟು ತಾಳ್ಮೆ ಇಲ್ಲ.

ತಳಕ್ಕೆ 4 ಮಿಲಿಮೀಟರ್ ಪ್ಲೈವುಡ್. ಅದು ಕೂರಲು ಒಳಮೈಯಲ್ಲಿ ಉದ್ದಕ್ಕೂ ಒಂದು ಗಾಡಿ, ಅಂದರೆ ಕಿರಿದಾದ ಕಾಲುವೆಯಂಥ ಗೀರು, ತೋಡುತ್ತೇನೆ. ಓರೆ ಮೂಲೆಯಲ್ಲಿ ಈ ಗಾಡಿಯನ್ನು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಹಾಯಾಗಿ ತೋಡಬಹುದು, ಹೊರಗಿನಿಂದ ತೂತು ಕಾಣುವುದಿಲ್ಲ. ಬೇರೆ ಎಷ್ಟೋ ಬಗೆಯ ಮೂಲೆಗಳಲ್ಲಿ ಈ ಸುಖ ಇಲ್ಲ. ಪ್ಲೈವುಡ್ ಸರಿಯಾದ ಚೌಕ ಇದ್ದರೆ ಪೆಟ್ಟಿಗೆಯನ್ನೂ ಅದೇ ನೆಟ್ಟಗೆ ನಿಲ್ಲಿಸುತ್ತದೆ.

ಅಂಟು ಹಾಕುವ ಕೆಲಸಕ್ಕೆ ಮೊದಲು ನನಗೆ ನಡುಕ ಬರುತ್ತಿತ್ತು. ಶಿಕಂಜಗಳನ್ನು, ಅಂದರೆ ಹಲಗೆಗಳನ್ನು ಒತ್ತಿ ಹಿಡಿಯುವ ಕ್ಲಾಂಪುಗಳನ್ನು, ಬಿಗಿದಷ್ಟೂ ಓರೆ ಮೈಗಳು ಒಂದರ ಮೇಲೊಂದು ಜಾರುತ್ತಿದ್ದವು. ಈಗ ಬರೀ ಅಂಟುವ ಟೇಪಿನಲ್ಲಿ ಮಾಡುತ್ತೇನೆ. ನಾಲ್ಕೂ ಹಲಗೆಗಳನ್ನು ಹೊರಮೈ ಮೇಲೆ ಬರುವಂತೆ ಸಾಲಾಗಿ, ಒಂದು ನೇರ ಪಟ್ಟಿಗೆ ಒರಗಿಸಿ ಮಲಗಿಸುತ್ತೇನೆ. ಚೂಪು ತುದಿಗಳು ಒಂದಕ್ಕೊಂದು ತಾಗಿರಬೇಕು. ಪ್ರತಿ ಕೂಡಿಕೆಯ ಮೇಲೆ ಟೇಪನ್ನು ಎಳೆದು ಬಿಗಿಯಾಗಿ ಅಂಟಿಸುತ್ತೇನೆ. ಇಡೀ ಸಾಲನ್ನು ಮಗುಚಿದರೆ ಮೇಲೆ ಮೂರು ಇಂಗ್ಲಿಷ್ ವಿ ಆಕಾರದ ಕಣಿವೆ ಕಾಣುತ್ತವೆ. ಅಲ್ಲಿಗೆ ಅಂಟು. ಆಮೇಲೆ ಚಾಪೆ ಸುತ್ತುವ ಹಾಗೆ ಸುತ್ತುವುದು. ಟೇಪು ಬಾಗಿಲ ಕೀಲಿನಂತೆ ಕೆಲಸ ಮಾಡುತ್ತದೆ. ಸುತ್ತಿದಷ್ಟೂ ಮೂಲೆ ತಾನಾಗಿ ಬಿಗಿಯುತ್ತದೆ.

ಅಂಟಿನ ವಿಷಯದಲ್ಲಿ ಒಂದು ಪಾಠ ಬೆಲೆ ತೆತ್ತು ಕಲಿತದ್ದು. ಒಂದು ಪೆಟ್ಟಿಗೆ ಕೈ ಜಾರಿ ಬಿದ್ದು ಒಂದು ಮೂಲೆ ಪೂರ್ತಿ ಬಿಚ್ಚಿಕೊಂಡಿತು. ಬಿಚ್ಚಿದ ಮೈ ನೋಡಿದರೆ ಅಲ್ಲಿ ಅಂಟೇ ಇರಲಿಲ್ಲ. ಓರೆ ಮೈಯಲ್ಲಿ ಮರದ ನಾರಿನ ಬಾಯಿಗಳು ತೆರೆದಿರುತ್ತವೆ, ಅವು ಹಚ್ಚಿದ ಅಂಟನ್ನೆಲ್ಲ ಒಳಗೆ ಕುಡಿದುಬಿಡುತ್ತವೆ. ಅದಕ್ಕೆ ಈಗ ಎರಡು ಸಲ ಹಚ್ಚುತ್ತೇನೆ. ಮೊದಲು ತೆಳುವಾಗಿ ಒಂದು ಸಲ, ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು ಸಲ. ಬಿಳಿ ಅಂಟು ತುಂಬ ಹೊತ್ತು ಕಾಯುವುದಿಲ್ಲ. ಹಾಗಾಗಿ ಒಮ್ಮೆ ಅಂಟಿಲ್ಲದೆ ಪೂರ್ತಿ ಸುತ್ತಿ, ತಳ ಕೂಡಿಸಿ, ಬಿಚ್ಚಿ ಆಮೇಲೆ ಶುರು ಮಾಡುವುದು ಒಳ್ಳೆಯದು. ತಳ ಇಡುವುದು ಮರೆತು ಪೆಟ್ಟಿಗೆ ಸುತ್ತಿದವರು ಇದ್ದಾರೆ. ಹೆಸರು ಕೇಳಬೇಡಿ.

ಸುತ್ತಿದ ಮೇಲೆ ಒಂದು ಕಡ್ಡಿಯನ್ನು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಗುರುತು ಮಾಡಿ, ಇನ್ನೆರಡು ಮೂಲೆಗೂ ಹಿಡಿಯುತ್ತೇನೆ. ಎರಡೂ ಸಮ ಇದ್ದರೆ ಪೆಟ್ಟಿಗೆ ಚೌಕಾಗಿದೆ. ಇಲ್ಲದಿದ್ದರೆ ಉದ್ದ ಇರುವ ಎರಡು ಮೂಲೆಗಳನ್ನು ಕೈಯಿಂದ ಒತ್ತಿದರೆ ಸಾಕು. ಒಳಗೆ ಹೊರಬಂದ ಅಂಟನ್ನು ಹಸಿ ಬಟ್ಟೆಯಿಂದ ಒರೆಸಬೇಡಿ, ನಾರಿಗೆ ಇಳಿದು ಕಲೆಯಾಗುತ್ತದೆ. ರಬ್ಬರಿನಂತೆ ಆಗುವವರೆಗೆ ಬಿಟ್ಟು ಉಳಿಯಿಂದ ಎಬ್ಬಿಸಿ. ಹೊರಗೆ ಇನ್ನೂ ಕೂದಲೆಳೆ ಬಿರುಕು ಉಳಿದಿದ್ದರೆ, ಸ್ಕ್ರೂಡ್ರೈವರ್‌ನ ಉರುಟು ಕಂಬಿಯಿಂದ ಆ ಅಂಚನ್ನು ಎರಡೂ ಕಡೆಯಿಂದ ಒತ್ತಿ ಉಜ್ಜಿದರೆ ನಾರು ಬಾಗಿ ಮುಚ್ಚಿಕೊಳ್ಳುತ್ತದೆ. ಮೋಸವೇ, ಒಪ್ಪಿಕೊಳ್ಳುತ್ತೇನೆ.

ಒಂದು ದಿನ ಪೂರ್ತಿ ಒಣಗಿದ ಮೇಲೆ ಮೂಲೆಗೆ ಕೀಲು ಹಾಕುತ್ತೇನೆ. ಮೂಲೆಗೆ ಅಡ್ಡಲಾಗಿ ಗರಗಸದಿಂದ ಕಚ್ಚು ಕೊಯ್ದು, ಅದರೊಳಗೆ ತೆಳುವಾದ ಮರದ ಚಕ್ಕೆಯನ್ನು ಅಂಟಿಸಿ ಕೂರಿಸುವುದು. ನನ್ನ ಗರಗಸ ಒಂದು ಮಿಲಿಮೀಟರ್ ಅಗಲ ಕೊಯ್ಯುತ್ತದೆ, ಚಕ್ಕೆಯೂ ಅಷ್ಟೇ. ಹೊರ ಮೂಲೆಯಿಂದ ಒಳ ಮೂಲೆಗೆ 17 ಮಿಲಿಮೀಟರ್ ಇರುತ್ತದೆ, 12ಕ್ಕೆ ನಿಲ್ಲಿಸುತ್ತೇನೆ. ಚಕ್ಕೆಯ ಎಳೆ ಮೂಲೆಯನ್ನು ದಾಟಿ ಎರಡೂ ಹಲಗೆಗೆ ಹೋಗುವಂತಿರಬೇಕು. ಉಲ್ಟಾ ಇಟ್ಟರೆ ಚಕ್ಕೆ ಬಿಸ್ಕತ್ತಿನಂತೆ ಮುರಿಯುತ್ತದೆ. ಬಡಿದು ತುರುಕುವಷ್ಟು ಬಿಗಿ ಬೇಡ. ಅಂಟಿನ ನೀರು ತಾಗಿ ಅದು ಉಬ್ಬುತ್ತದೆ. ಉಳಿದ ತುದಿಯನ್ನು ಉಳಿಯಿಂದ ತೆಗೆಯುವಾಗ ಮೂಲೆಯಿಂದ ಬದಿಯ ನಡುವಿನ ಕಡೆಗೆ ಹೋಗಿ. ಎದುರು ದಿಕ್ಕಿನಲ್ಲಿ ಹೋದರೆ ಮೂಲೆಯ ಹತ್ತಿರ ಚಕ್ಕೆ ಸಿಬಿರೆದ್ದು ಹೋಗುತ್ತದೆ.

ನಾನು ಮುಚ್ಚಳವನ್ನು ಬೇರೆ ಮಾಡುವುದಿಲ್ಲ. ಆರೂ ಕಡೆ ಮುಚ್ಚಿದ ಪೆಟ್ಟಿಗೆ ಮಾಡಿ, ಮೇಲಿನ ಭಾಗವನ್ನು ಕೊಯ್ದು ಬಿಡಿಸುತ್ತೇನೆ. ಆಗ ಮುಚ್ಚಳದ ಎಳೆಯೂ ಪೆಟ್ಟಿಗೆಯ ಎಳೆಯೂ ಒಂದೇ. ಒಮ್ಮೆ ಕೊಯ್ಯುವ ಗೆರೆ ಸರಿಯಾಗಿ ಒಂದು ಕೀಲಿನ ಮೇಲೇ ಬಿತ್ತು, ಚಕ್ಕೆ ನೂಲಿನಷ್ಟು ಮಾತ್ರ ಉಳಿಯಿತು. ಈಗ ಕೀಲಿನ ಗುರುತಿಗೆ ಮೊದಲು ಮುಚ್ಚಳದ ಗೆರೆ ಎಳೆಯುತ್ತೇನೆ. ಕೊಯ್ದ ಅಂಚುಗಳ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ, ಗಾಜಿನ ಮೇಲೆ ಹಾಸಿದ ಸ್ಯಾಂಡ್ ಪೇಪರ್‌ನಲ್ಲಿ ಗೀಚು ಪೂರ್ತಿ ಅಳಿಯುವವರೆಗೆ ಉಜ್ಜುತ್ತೇನೆ. ಮುಚ್ಚಳ ತೆರೆಯುವ ಕೀಲುಪಟ್ಟಿ ಕೂರಿಸುವುದು ಹಿಂಬದಿಗೆ. ಎಳೆ ಕೂಡದ ಆ ನಾಲ್ಕನೇ ಮೂಲೆಯೂ ಅದೇ ಕಡೆ ಇರುತ್ತದೆ.