ಕೆಸರಿನಲ್ಲಿ ಬ್ಲೇಡ್ ತಳ್ಳುವಾಗ ಮಿನಿ ಟ್ರ್ಯಾಕ್ಟರಿನ ಮುಂಚಕ್ರಕ್ಕೆ ಹಿಡಿತ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಿಗೆ ಹೋಗುವ ಮಾರ್ಗಗಳಲ್ಲಿ ಹೆಚ್ಚಿನವು ಗುಡ್ಡೆ ಕಡಿದು ಮಾಡಿದಂಥವು. ಆಟಿಯ (ಜುಲೈ-ಆಗಸ್ಟ್) ಮಳೆಗೆ ಬರೆ, ಅಂದರೆ ಕಡಿದ ಗುಡ್ಡೆಯ ಬದಿ, ಜರಿಯುತ್ತದೆ, ಕಣಿ (ಮಾರ್ಗದ ಬದಿಯ ಚರಂಡಿ) ತುಂಬಿ ನೀರು ಮಾರ್ಗಕ್ಕೆ ಹರಿಯುತ್ತದೆ, ತಿರುವಿನಲ್ಲೆಲ್ಲ ಮಣ್ಣು ಕೂರುತ್ತದೆ. ಅಡಿಕೆಗೆ ಕೊಳೆರೋಗದ ಎರಡನೇ ಮದ್ದು (ಮೈಲುತುತ್ತಿನ ಬೋರ್ಡೋ ದ್ರಾವಣ) ಬಿಡುವ ಹೊತ್ತೂ ಅದೇ. ಮದ್ದಿನ ಬ್ಯಾರೆಲ್ ತೋಟಕ್ಕೆ ಇಳಿಯಬೇಕಾದರೆ ಮಾರ್ಗ ಬಿಡಿಸಲೇಬೇಕು. ಇಷ್ಟು ಕೆಲಸಕ್ಕೆ ಮಿನಿ ಟ್ರ್ಯಾಕ್ಟರಿನ ಮುಂದೆ ಕಟ್ಟಿದ 4 ಅಡಿಯ ಬ್ಲೇಡ್ ಸಾಕು. ಆದರೆ ಬ್ಲೇಡ್ ಇಳಿಸಿ ತಳ್ಳಲು ಶುರು ಮಾಡಿದ ಕೂಡಲೇ ಸ್ಟೇರಿಂಗ್ ಕೇಳುವುದಿಲ್ಲ. ಚಕ್ರ ಪೂರ್ತಿ ತಿರುಗಿರುತ್ತದೆ, ಟ್ರ್ಯಾಕ್ಟರ್ ಮಾತ್ರ ನೇರ ಕಣಿಯ ಕಡೆಗೇ ಹೋಗುತ್ತದೆ.

ಅಮೆರಿಕ, ಕೆನಡಾಗಳಲ್ಲಿ ಸಣ್ಣ ಟ್ರ್ಯಾಕ್ಟರಿನಿಂದ ಅಂಗಳದ ಹಿಮ ತಳ್ಳುವವರಿಗೂ ಇದೇ ತೊಂದರೆ. ಅವರ ಉಪಾಯಗಳಲ್ಲಿ ಕೆಲವು ನಮ್ಮ ಕೆಸರಿಗೂ ಒಗ್ಗುತ್ತವೆ, ಕೆಲವು ಒಗ್ಗುವುದಿಲ್ಲ. ನಾನು ಯಾವುದನ್ನು ಹೇಗೆ ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಹಿಂಚಕ್ರಕ್ಕೆ ಮಾತ್ರ ಶಕ್ತಿ ಬರುವ ಟೂ ವೀಲ್ ಡ್ರೈವ್. ಮುಂದಿನ ಟೈರ್ 5.20-14, ಹಿಂದಿನದು 8.00-18, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಹತ್ತಿರ ಹತ್ತಿರ ಒಂದೂವರೆ ಮೀಟರ್.

ಮೊದಲು ತಿಳಿಯಬೇಕಾದದ್ದು ಭಾರ ಎಲ್ಲಿದೆ ಎಂಬುದು. ಬ್ಲೇಡ್ ಮುಂದೆಯೇ ಇದೆಯಲ್ಲ, ಮುಂಚಕ್ರದ ಮೇಲೆ ಭಾರ ಇದ್ದೇ ಇರುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಎತ್ತಿ ಹಿಡಿದಾಗ ಅದು ನಿಜ. 70 ಕಿಲೋದ ಬ್ಲೇಡ್ ಮುಂದಿನ ಆಕ್ಸಲ್‌ನಿಂದ 70 ಸೆಂ.ಮೀ. ಮುಂದೆ ನೇತಾಡುತ್ತಿದ್ದರೆ ಮುಂಚಕ್ರಗಳ ಮೇಲೆ 100 ಕಿಲೋಕ್ಕಿಂತ ಸ್ವಲ್ಪ ಹೆಚ್ಚೇ ಬೀಳುತ್ತದೆ. ಮುಂದಕ್ಕೆ ಚಾಚಿದ ಭಾರ ಹಿಂಚಕ್ರದಿಂದಲೂ ಸ್ವಲ್ಪ ಎತ್ತಿ ಮುಂದಕ್ಕೆ ಕೊಡುತ್ತದೆ, ಅದಕ್ಕೇ ತನ್ನ ತೂಕಕ್ಕಿಂತ ಹೆಚ್ಚು. ಆದರೆ ಬ್ಲೇಡನ್ನು ನೆಲಕ್ಕೆ ಇಳಿಸಿ ಫ್ಲೋಟಿನಲ್ಲಿ (ಹೈಡ್ರಾಲಿಕ್ ಹಿಡಿಯದೆ ಬ್ಲೇಡ್ ನೆಲದ ಏರಿಳಿತಕ್ಕೆ ತಾನೇ ಆಡುವ ಸ್ಥಿತಿ) ಬಿಟ್ಟ ಕ್ಷಣ ಅದರ ತೂಕವೆಲ್ಲ ನೆಲದ ಪಾಲು. ತಿರುಗಿಸಲು ಹಿಡಿತ ಬೇಕಾಗುವ ಹೊತ್ತಿಗೆ ಸರಿಯಾಗಿ ಆ 100 ಕಿಲೋ ಮಾಯ. ಹೈಡ್ರಾಲಿಕ್‌ನಲ್ಲಿ ಕೆಳಕ್ಕೆ ಒತ್ತುವ ವ್ಯವಸ್ಥೆಯೂ ಇದ್ದು ಅದನ್ನು ಒತ್ತಿ ಹಿಡಿದರೆ ಬ್ಲೇಡೇ ಜಾಕಿನ ಹಾಗೆ ಮುಂಭಾಗವನ್ನು ಎತ್ತಿಬಿಡುತ್ತದೆ. ಆದ್ದರಿಂದ ಬ್ಲೇಡಿಗೆ ಭಾರ ಕಟ್ಟಿ ಪ್ರಯೋಜನವಿಲ್ಲ, ಭಾರ ಟ್ರ್ಯಾಕ್ಟರಿನ ಚಾಸಿಗೇ ಕೂರಬೇಕು.

ಇದನ್ನು ಅಂದಾಜಿನಲ್ಲಿ ಬಿಡದೆ ತೂಗಿ ನೋಡುವುದು ಒಳ್ಳೆಯದು. ಅಡಿಕೆ ಅಂಗಡಿಯಲ್ಲಿ ಗೋಣಿ ತೂಗುವ 300 ಕಿಲೋದ ಪ್ಲಾಟ್‌ಫಾರ್ಮ್ ತಕ್ಕಡಿ ಇದಕ್ಕೆ ಸಾಕು. ಒಂದು ಮುಂಚಕ್ರ ತಕ್ಕಡಿಯ ಮೇಲೆ, ಇನ್ನೊಂದರ ಅಡಿಗೆ ಅಷ್ಟೇ ಎತ್ತರಕ್ಕೆ ಕೆಂಪುಕಲ್ಲು ಮತ್ತು ಹಲಗೆ. ಹಿಂಚಕ್ರಗಳಿಗೆ ಹಿಂದೆ ಮುಂದೆ ತಡೆ ಕೊಡಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಇಲ್ಲದಿದ್ದರೆ ಬಿಗಿತಕ್ಕೆ ಅಂಕಿ ತಪ್ಪುತ್ತದೆ. ಬ್ಲೇಡ್ ಎತ್ತಿ ಒಮ್ಮೆ ತೂಗಿ, ಬ್ಲೇಡಿನ ಅಡಿಗೂ ಅಷ್ಟೇ ಎತ್ತರದ ಕಲ್ಲಿಟ್ಟು ಫ್ಲೋಟಿಗೆ ಹಾಕಿ ಇನ್ನೊಮ್ಮೆ ತೂಗಿ. ಆ ಎರಡು ಅಂಕಿಗಳ ವ್ಯತ್ಯಾಸದ ಎರಡರಷ್ಟು ಮುಂದಿನ ಆಕ್ಸಲ್ ಕಳೆದುಕೊಳ್ಳುವ ಭಾರ. ಎಷ್ಟು ಸೇರಿಸಬೇಕು ಎಂಬುದಕ್ಕೆ ಲೆಕ್ಕ ಅಲ್ಲಿಂದಲೇ.

ಭಾರಕ್ಕೆ ನಾನು ಆರಿಸಿದ್ದು ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್. 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 25 ಮಿ.ಮೀ. ದಪ್ಪದ ಒಂದು ತುಂಡು ಸರಿಸುಮಾರು 19.6 ಕಿಲೋ ಬರುತ್ತದೆ, ಒಬ್ಬರೇ ಎತ್ತಿ ಕೂರಿಸಬಹುದು. ಮೂರು ತುಂಡು ಅಂದರೆ 59 ಕಿಲೋ. ಇಷ್ಟೇ ತೂಕಕ್ಕೆ ಕಾಂಕ್ರೀಟ್ ಹಾಕಿದರೆ ಮೂರು ಪಾಲಿಗಿಂತ ಹೆಚ್ಚು ಜಾಗ ಬೇಕು, ಅದು ರೇಡಿಯೇಟರಿನ ಮುಂದೆ ಗೋಡೆ ಕಟ್ಟಿದಂತಾಗಿ ಇಂಜಿನ್ ಬಿಸಿಯಾಗುತ್ತದೆ. ಹೊಯಿಗೆ ತುಂಬಿದ ಗೋಣಿ ಮಳೆಗೆ ನೆನೆದು ಜಾರುತ್ತದೆ, ಅದು ಬೇಡವೇ ಬೇಡ. ಮುಂದಿನ ಬಂಪರ್ ಬೋಲ್ಟ್ ಆಗುವ ತೂತುಗಳಿಗೇ ಹೊಂದುವಂತೆ 75 ಮಿ.ಮೀ. ಚಾನೆಲ್‌ನಲ್ಲಿ ಬ್ರಾಕೆಟ್ ಮಾಡಿಸಿ, ಪ್ಲೇಟುಗಳನ್ನು 8.8 ಗ್ರೇಡಿನ 16 ಮಿ.ಮೀ. ಬೋಲ್ಟಿನಲ್ಲಿ ಬಿಗಿದು, ಸ್ಪ್ರಿಂಗ್ ವಾಶರ್ ಮತ್ತು ಡಬಲ್ ನಟ್ ಹಾಕಿದೆ. ಟ್ರ್ಯಾಕ್ಟರಿನ ಮುಂಭಾಗದ ಎರಕದ ಭಾಗಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಎರಕದ ಕಬ್ಬಿಣ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಅಲ್ಲಿಗೆ ಸಿಂಗಲ್ ಸಿಲಿಂಡರ್ ಇಂಜಿನ್ನಿನ ನಡುಕವೂ ಸೇರುತ್ತದೆ. ರೇಡಿಯೇಟರ್ ಜಾಲರಿಗೂ ಪ್ಲೇಟಿಗೂ ನಡುವೆ ಒಂದು ಗೇಣಿನ ಹತ್ತಿರ ಜಾಗ ಇರಲಿ, ಬ್ಲೇಡಿನ ಲಿಫ್ಟ್ ಸಿಲಿಂಡರ್ ಪೂರ್ತಿ ಚಾಚಿದಾಗ ಎಲ್ಲಿಯೂ ತಾಗಬಾರದು.

ಆ 59 ಕಿಲೋ ಮುಂದಿನ ಆಕ್ಸಲ್‌ನಿಂದ 40 ಸೆಂ.ಮೀ. ಮುಂದೆ ಕೂತರೆ ಮುಂಚಕ್ರಕ್ಕೆ 75 ಕಿಲೋ ಹತ್ತಿರ ಸಿಗುತ್ತದೆ, ಹಿಂಚಕ್ರದಿಂದ 16 ಕಿಲೋ ಹೋಗುತ್ತದೆ. ಇದಕ್ಕಿಂತ ಹೆಚ್ಚು ಹೇರುವ ಮೊದಲು ಕಂಪನಿ ಪುಸ್ತಕದಲ್ಲಿ ಮುಂದಿನ ಆಕ್ಸಲ್‌ನ ಮಿತಿ ನೋಡಿ. ಮಿತಿ ಮೀರಿದರೆ ಮೊದಲು ಹೋಗುವುದು ಆಕ್ಸಲ್‌ನ ನಡುವಿನ ಪಿನ್ನಿನ ಬುಶ್, ಆಮೇಲೆ ಹಬ್ ಬೇರಿಂಗ್. ಮದ್ದು ಸಾಗಿಸುವವರಿಗೆ ಇನ್ನೊಂದು ಮಾತು. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ, ಬ್ರಾಕೆಟ್ ಬೋಲ್ಟಿನ ಮೇಲೆ ಚೆಲ್ಲಿದರೆ ಅಂದೇ ತೊಳೆದು ಗ್ರೀಸ್ ಹಚ್ಚಬೇಕು.

ಇನ್ನು ನೀರು. ಟೈರಿಗೆ ನೀರು ತುಂಬಿಸುವುದು ಎಲ್ಲಕ್ಕಿಂತ ಅಗ್ಗದ ಭಾರ, ಬೇರಿಂಗಿಗೆ ಹೊರೆಯೂ ಇಲ್ಲ, ಚಕ್ರದ ಒಳಗಿನ ನೀರನ್ನು ಟೈರೇ ನೆಲಕ್ಕೆ ಕೊಡುತ್ತದೆ. ಚಕ್ರ ಜಾಕಿಯಲ್ಲಿ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ವಾಲ್ವಿನ ಪಿನ್ ತೆಗೆದು, ಗಾಳಿ ಹೊರಬಿಡುತ್ತ ನೀರು ತುಂಬುವ ನಳಿಗೆ ಹಾಕಬೇಕು. ಟ್ರ್ಯಾಕ್ಟರ್ ಟೈರ್ ನೋಡುವ ಪಂಕ್ಚರ್ ಅಂಗಡಿಗಳಲ್ಲಿ ಅದು ಇರುತ್ತದೆ. ವಾಲ್ವಿನ ಮಟ್ಟಕ್ಕೆ ನೀರು ಬಂದರೆ ಮುಕ್ಕಾಲು ಪಾಲು ತುಂಬಿದ ಹಾಗೆ, ಮೇಲಿನ ಕಾಲು ಪಾಲು ಗಾಳಿಗೆ. 5.20-14 ಟೈರಿಗೆ ಸುಮಾರು 13 ಲೀಟರ್, 8.00-18 ಟೈರಿಗೆ 40 ಲೀಟರಿನ ಆಸುಪಾಸು ಹಿಡಿಯುತ್ತದೆ. ಹಿಮದ ಊರಿನವರು ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಟ್ಯೂಬ್ ಸೋರಿದರೆ ಅದು ಟೈರ್ ಕೂರುವ ಕಬ್ಬಿಣದ ಡಿಸ್ಕನ್ನು ತುಕ್ಕು ಹಿಡಿಸುತ್ತದೆ. ನಮಗೆ ಆ ಕಾಟವಿಲ್ಲ, ಬಾವಿ ನೀರು ಸಾಕು. ಗಾಳಿ ನೋಡುವಾಗಲೂ ವಾಲ್ವ್ ಮೇಲಿರಬೇಕು, ಇಲ್ಲವಾದರೆ ಗೇಜಿಗೆ ನೀರು ನುಗ್ಗುತ್ತದೆ.

ಆದರೆ ಹಿಂದಕ್ಕೂ ಮುಂದಕ್ಕೂ ಸಮತೋಲ ಬೇಕು. ಹಿಂಚಕ್ರಕ್ಕೆ ನೀರು, ವೇಟ್ ಎಲ್ಲ ಹಾಕಿ ಮುಂದೆ ಏನೂ ಮಾಡದಿದ್ದರೆ ತಿರುವಿನಲ್ಲಿ ತೊಂದರೆ ಹೆಚ್ಚುತ್ತದೆ. ಹಿಂದಿನ ಚಕ್ರ ಚೆನ್ನಾಗಿ ಕಚ್ಚಿ ತಳ್ಳುತ್ತದೆ, ತಿರುಗಿದ ಮುಂಚಕ್ರ ಕೆಸರನ್ನು ಕೆರೆಯುತ್ತ ಮುಂದಕ್ಕೆ ಜಾರುತ್ತದೆ. ಹಿಂದಿನ ಲಿಂಕಿಗೆ (ರೊಟವೇಟರ್ ಮೊದಲಾದವನ್ನು ಸಿಕ್ಕಿಸುವ ತೋಳುಗಳು) ನೇತುಹಾಕುವ ಭಾರವಂತೂ ನೇರ ಮುಂಚಕ್ರದಿಂದ ಕಳೆಯುತ್ತದೆ. ಹಿಂದಿನ ಆಕ್ಸಲ್‌ನಿಂದ 80 ಸೆಂ.ಮೀ. ಹಿಂದೆ 200 ಲೀಟರಿನ ತುಂಬಿದ ಬ್ಯಾರೆಲ್ ಇಟ್ಟರೆ ಮುಂದಿನಿಂದ 106 ಕಿಲೋ ಎದ್ದುಹೋಗುತ್ತದೆ, ಅಂದರೆ ಪ್ಲೇಟಿನಿಂದ ಗಳಿಸಿದ್ದು ಪೂರ್ತಿ ಹೋಗಿ ಇನ್ನೂ ಕೈಯಿಂದ ಕಳೆದ ಲೆಕ್ಕ. ಏರಿನಲ್ಲಿ ಇದು ಇನ್ನೂ ಅಪಾಯ. ಬ್ಯಾರೆಲ್ ಟ್ರೈಲರಿನಲ್ಲಿ ಇರಲಿ. ಬ್ಲೇಡ್ ಕೆಲಸ ಮಾಡುವಾಗ ರೊಟವೇಟರನ್ನೂ ಬಿಚ್ಚಿಡಿ.

ಟೈರಿನ ಮಾತಿಗೆ ಬಂದರೆ, ಟೂ ವೀಲ್ ಡ್ರೈವಿನ ಮುಂಚಕ್ರಕ್ಕೆ ಬೇಕಾದದ್ದು ಅಡ್ಡಕ್ಕೆ ಜಾರದ ಹಿಡಿತ. ಅದನ್ನು ಕೊಡುವುದು ಸುತ್ತಲೂ ಹರಿಯುವ ಉದ್ದನೆಯ ಏಣುಗಳು, ಅದರಲ್ಲೂ ಮೂರು ಏಣಿನ ಟೈರಿನಲ್ಲಿ ನಡುವಿನದು. ಅದು ಅರ್ಧ ಸವೆದರೆ ಬದಿಯ ಏಣುಗಳು ಎಷ್ಟೇ ಚೆನ್ನಾಗಿದ್ದರೂ ಕೆಸರಿನಲ್ಲಿ ಉಪಯೋಗವಿಲ್ಲ. ಅಗಲ ಟೈರ್ ಹಾಕಿದರೆ ಒಳ್ಳೆಯದೆಂಬ ಮಾತೂ ಕೇಳಿಬರುತ್ತದೆ. ಮುಂಚಕ್ರಕ್ಕೆ ಅದು ಉಲ್ಟಾ. ಅಗಲ ಟೈರ್ ಮೇಲೆ ತೇಲುತ್ತದೆ, ಸಪೂರ ಟೈರ್ ಮೇಲಿನ ಕಳಿಮಣ್ಣನ್ನು ಕೊಯ್ದು ಅಡಿಯ ಗಟ್ಟಿ ಚರಳಿಗೆ ಮುಟ್ಟುತ್ತದೆ. ಮುಂದಿನ ಗಾಳಿಯನ್ನು ಪುಸ್ತಕದಲ್ಲಿ ಹೇಳಿದ ಒತ್ತಡಕ್ಕಿಂತ ಇಳಿಸಬೇಡಿ. ಇಳಿಸಿದರೆ ಪೂರ್ತಿ ತಿರುಗಿಸಿದಾಗ ಟೈರ್ ಡಿಸ್ಕಿನ ಮೇಲೆ ಸರಿದು ವಾಲ್ವ್ ಕಿತ್ತುಬರುತ್ತದೆ. ಏಣುಗಳ ನಡುವೆ ಕೆಂಪು ಜೇಡಿ ಮೆತ್ತಿಕೊಂಡರೆ ಹೊಸ ಟೈರೂ ಬೋಳು ಟೈರೇ. ಒಂದು ಮೊನಚು ಮರದ ತುಂಡು ಟೂಲ್ ಬಾಕ್ಸಿನಲ್ಲಿರಲಿ. ಫೋರ್ ವೀಲ್ ಡ್ರೈವ್ ಇರುವವರು ಮುಂದಿನ ಟೈರಿನ ಅಳತೆ ಬದಲಿಸಲೇಬಾರದು. ಹಿಂದೆ ಮುಂದೆ ಸುತ್ತುವ ಲೆಕ್ಕ ತಪ್ಪಿ ಗೇರಿಗೆ ಪೆಟ್ಟು ಬೀಳುತ್ತದೆ.

ಮುಂಚಕ್ರಕ್ಕೆ ಚೈನ್ ಸುತ್ತುವುದು ಹಿಮದವರ ರೂಢಿ. ಇಲ್ಲಿ ಪಾಚಿ ಹಿಡಿದ ಮುರಕಲ್ಲಿನ ಇಳಿಜಾರಿಗೆ ಅದು ಕೆಲಸಕ್ಕೆ ಬರುತ್ತದೆ, ದಪ್ಪ ಕೆಸರಿನಲ್ಲಿ ಚೈನೇ ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಏಣಿ ಮೆಟ್ಟಿಲಿನಂತೆ ಅಡ್ಡಡ್ಡ ಇರುವ ಚೈನಿಗಿಂತ ಓರೆಯಾಗಿ ಹೆಣೆದದ್ದು ಅಡ್ಡ ಜಾರನ್ನು ಹೆಚ್ಚು ತಡೆಯುತ್ತದೆ. ಕಟ್ಟಿದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ ಟೈ ರಾಡಿಗೆ, ಬ್ಲೇಡಿನ ಫ್ರೇಮಿಗೆ ತಾಗುತ್ತದೆಯೇ ನೋಡಬೇಕು, ಒಂದು ಇಂಚಾದರೂ ಎಡೆ ಬೇಕು. ತೋಟದ ಒಳಗೆ ಚೈನ್ ಖಂಡಿತ ಬೇಡ. ಅಡಿಕೆ ಮರದ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಒಂದು ಮೀಟರಿನ ಒಳಗೆ, ಮೇಲ್ಮಣ್ಣಿನಲ್ಲೇ ಇರುತ್ತವೆ. 9 ಅಡಿ ಅಂತರದ ಸಾಲಿನಲ್ಲಿ ಹೋಗುವ ಟ್ರ್ಯಾಕ್ಟರಿನ ಚೈನ್ ಅವನ್ನು ಕೊಯ್ಯದೆ ಬಿಡುವುದಿಲ್ಲ.

ಭಾರ, ಟೈರ್ ಸರಿಯಾದ ಮೇಲೂ ಕೈ ಬೇರೆ ಥರ ಓಡಬೇಕು. ಓರೆ ಬ್ಲೇಡ್ ಮೂತಿಯನ್ನು ಎಳೆಯುತ್ತದೆ. ಮಣ್ಣು ಬಲಕ್ಕೆ ಬೀಳುವಂತೆ ಓರೆ ಮಾಡಿದರೆ ಮಣ್ಣು ಬ್ಲೇಡನ್ನು ಎಡಕ್ಕೆ ಒತ್ತುತ್ತದೆ, ಟ್ರ್ಯಾಕ್ಟರಿನ ಮೂತಿ ಎಡಕ್ಕೆ. 30 ಡಿಗ್ರಿ ಓರೆಯನ್ನು 15ಕ್ಕೆ ಇಳಿಸಿದರೆ ಎಳೆತ ಸಾಕಷ್ಟು ಕಡಿಮೆಯಾಗುತ್ತದೆ. ಎಡಕ್ಕೆ ಕಣಿ, ಬಲಕ್ಕೆ ಬರೆ ಇರುವ ಮಾರ್ಗದಲ್ಲಿ ಮಣ್ಣನ್ನು ಕಣಿಯ ಕಡೆಗೇ ಬೀಳುವಂತೆ ಓರೆ ಮಾಡಿ, ಆಗ ಜಾರಿದರೂ ಮೂತಿ ಬರೆಯ ಕಡೆಗೆ ಜಾರುತ್ತದೆ. ಕಣಿ ತುಂಬಿದರೆ ಮತ್ತೆ ಹಾರೆ ಹಿಡಿದು ಬಿಡಿಸಬಹುದು. ಒಂದೇ ಸಲಕ್ಕೆ ಬ್ಲೇಡ್ ತುಂಬ ತೆಗೆಯಬೇಡಿ. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು, ನೆನೆದ ಮಣ್ಣು 1,800 ಕಿಲೋ. ಹಿಮಕ್ಕೆಂದು ಹೇಳಿದ ಬ್ಲೇಡ್ ಅಗಲ ನಮಗೆ ಅರ್ಧ ಮಾತ್ರ. ಬ್ಲೇಡಿನ ಅಡಿಯಲ್ಲಿ ನೆಲದ ಮೇಲೆ ಜಾರುವ ಶೂ ಅಂಚಿಗಿಂತ 10 ಮಿ.ಮೀ. ಕೆಳಗಿದ್ದರೆ ಅಂಚು ಕಲ್ಲಿಗೆ ಕಚ್ಚಿಕೊಂಡು ಮೂತಿ ಪಕ್ಕಕ್ಕೆ ಎಸೆಯುವುದೂ ತಪ್ಪುತ್ತದೆ.

ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವುದೇ ಹಿಡಿತ ಬಿಡುವುದಕ್ಕೆ ದೊಡ್ಡ ಕಾರಣ. ಸ್ವಲ್ಪ ತಿರುಗಿಸಿ, ಚಕ್ರ ಕಚ್ಚಿದ್ದು ಕೈಗೆ ಗೊತ್ತಾದ ಮೇಲೆ ಇನ್ನಷ್ಟು. ಕಚ್ಚದಿದ್ದರೆ ಬ್ಲೇಡನ್ನು ಎರಡು ಇಂಚು ಎತ್ತಿ. ಬ್ಲೇಡಿನ ಭಾರವೆಲ್ಲ ಮುಂಚಕ್ರಕ್ಕೆ ಮರಳುತ್ತದೆ, ತಿರುಗಿದ ಮೇಲೆ ಮತ್ತೆ ಇಳಿಸಿ. ಇದರ ಜೊತೆಗೆ ತಿರುಗುವ ಬದಿಯ ಬ್ರೇಕ್ ಪೆಡಲ್ ಮಾತ್ರ ಮೆಲ್ಲನೆ ಒತ್ತಬೇಕು. ಎರಡು ಪೆಡಲನ್ನು ಕೂಡಿಸುವ ಕೊಂಡಿ ತೋಟದಲ್ಲಿ ಬಿಚ್ಚಿರಬೇಕು, ಡಾಮರು ಮಾರ್ಗಕ್ಕೆ ಹತ್ತುವ ಮೊದಲು ಹಾಕಲೇಬೇಕು. ಡಿಫರೆನ್ಶಿಯಲ್ ಲಾಕ್ ಹಿಂಚಕ್ರ ಸುತ್ತಿ ಹೂತುಹೋದಾಗ ಬಿಡಿಸಿಕೊಳ್ಳಲು ಇರುವಂಥದ್ದು. ಅದು ಬಿದ್ದಿರುವ ತನಕ ಎರಡೂ ಹಿಂಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ, ಟ್ರ್ಯಾಕ್ಟರ್ ನೇರವೇ ಹೋಗುತ್ತದೆ. ಕೆಸರು ನುಗ್ಗಿದ ಪೆಡಲ್‌ನಲ್ಲಿ ಲಾಕ್ ತಾನಾಗಿ ಬಿಡದೆ ಸಿಕ್ಕಿಕೊಳ್ಳುವುದುಂಟು, ತಿರುಗಿಸುವ ಮೊದಲು ಕಾಲಲ್ಲಿ ನೋಡಿಕೊಳ್ಳಿ.

ಇಷ್ಟಾದರೂ ಮೂತಿ ಒಂದೇ ಬದಿಗೆ ಎಳೆದರೆ ಟೋ ಇನ್, ಅಂದರೆ ಮುಂಚಕ್ರಗಳು ಮುಂದುಗಡೆ ಎಷ್ಟು ಒಳಕ್ಕೆ ತಿರುಗಿವೆ ಎಂಬುದನ್ನು ನೋಡಬೇಕು. ಹಬ್ಬಿನ ಎತ್ತರದಲ್ಲಿ, ಎರಡು ಟೈರಿನ ನಡು ಏಣಿಗೆ ಸೀಮೆಸುಣ್ಣದ ಗುರುತು ಹಾಕಿ ಮುಂದುಗಡೆ ಅಳೆಯಿರಿ. ಟ್ರ್ಯಾಕ್ಟರನ್ನು ಚಕ್ರದ ಅರ್ಧ ಸುತ್ತು ಮುಂದೆ ತಳ್ಳಿ ಅದೇ ಗುರುತನ್ನು ಹಿಂದುಗಡೆ ಅಳೆಯಿರಿ. ಮುಂದಿನ ಅಳತೆ 3ರಿಂದ 6 ಮಿ.ಮೀ. ಕಡಿಮೆ ಇರುವುದು ಸಾಮಾನ್ಯ, ನಿಮ್ಮ ಮಾಡೆಲಿನ ಅಂಕಿ ಪುಸ್ತಕದಲ್ಲಿರುತ್ತದೆ. ಟೈ ರಾಡ್ ಎಂಡಿನಲ್ಲಿ ಆಟ ಇದ್ದರೆ ಅಳತೆ ನಿಲ್ಲುವುದಿಲ್ಲ, ಮೊದಲು ಅದನ್ನು ಬದಲಿಸಿ. ಮುಂದೆ ಭಾರ ಕಟ್ಟಿದ ಟ್ರ್ಯಾಕ್ಟರಿನಲ್ಲಿ ಅದು ಬೇಗ ಸವೆಯುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಿಂಗ್ ಪಿನ್ನಿಗೂ (ಮುಂಚಕ್ರ ಎಡಬಲಕ್ಕೆ ತಿರುಗುವ ಪಿನ್) ಆಕ್ಸಲ್‌ನ ನಡುವಿನ ಪಿನ್ನಿಗೂ ಹೊಸ ಗ್ರೀಸ್ ಹೊರಬರುವ ತನಕ ಗನ್ ಹೊಡೆಯಬೇಕು, ಕೆಸರು ಒಳಗೆ ಕೂರುವ ಮೊದಲು.